ನಮ್ಮ ಮಗಳು ಎಕ್ಕದ ಗಿಡ

ಹೋದ ಭಾನುವಾರ ಬೆಳಗ್ಗೆ ನಾನು ಒಂದು ಎಕ್ಕದ ಗಿಡದ ತಾಯಿಯಾಗಿ ಚಾಮರಾಜಪೇಟೆಯ ಮದುವೆ ಚಪ್ಪರವೊಂದರಲ್ಲಿ ಕುಳಿತಿದ್ದೆ.

ಇಲ್ಲ, ನನಗೆ ಜ್ವರ ಬಂದಿಲ್ಲ. ತಲೆಯೂ ನೆಟ್ಟಗಿದೆ. (ನೆಟ್ಟಗಿಲ್ಲ ಎನ್ನುವವರು ಮಲ್ಲೇಶ್ವರದಲ್ಲಿ ಮೊದಲಿನಿಂದಲೂ ಇದ್ದಾರೆ, ಅವರ ಮಾತು ಬಿಡಿ.) ಪೆಟ್ಟಿಗೆಯ ತಳದಲ್ಲಿದ್ದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟಿದ್ದೆ. ಪಕ್ಕದಲ್ಲಿ ನಮ್ಮ ಯಜಮಾನರು, ಜರಿಯಂಚಿನ ಪಂಚೆಯಲ್ಲಿ. ಅವರ ಪಕ್ಕದಲ್ಲಿ, ಸೀಮೆಎಣ್ಣೆ ಡಬ್ಬದಲ್ಲಿ, ನಮ್ಮ ಮಗಳು. ಅವಳಿಗೂ ಕೆಂಪು ರವಿಕೆ ಕಣ ಸುತ್ತಿ, ಮೊಳ ಮಲ್ಲಿಗೆ ಮುಡಿಸಿತ್ತು. ಎದುರಿಗೆ ಹಸೆಮಣೆಯ ಮೇಲೆ ಬಾಸಿಂಗ ಕಟ್ಟಿಕೊಂಡು ನಮ್ಮ ಅಳಿಯಂದಿರು.

ಈ ಅಳಿಯಂದಿರನ್ನು ನೀವು ನೋಡಿಲ್ಲ, ಆದರೆ ವಾರವಾರವೂ ಅವರ ಕೈಕೆಲಸ ನೋಡುತ್ತೀರಿ. ಈ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವ ಕೃಷ್ಣಪ್ಪನವರು ಅವರು. ಈಗ ನೀವು ಓದುತ್ತಿರುವ ಒಂದೊಂದು ಅಕ್ಷರವನ್ನೂ ಅವರೇ ಕೈಯಾರೆ ಆರಿಸಿ ಜೋಡಿಸಿದ್ದು. (ಕೃಷ್ಣಪ್ಪ, ನಾಚಿಕೊಂಡು ಸಾಲು ಹಾರಿಸಬೇಡಿ. ಪ್ರೂಫ್ ನಾನು ನೋಡುತ್ತೇನೆ.) ಮೂವತ್ತು ದಾಟಿದ ಬ್ರಹ್ಮಚಾರಿ. ಮಾತು ಕಡಿಮೆ. ಅಕ್ಷರದ ನಡುವೆಯೇ ಇರುವವರಿಗೆ ಬಾಯಲ್ಲಿ ಅಕ್ಷರ ಖರ್ಚು ಮಾಡಲು ಮನಸ್ಸು ಬರುವುದಿಲ್ಲವೋ ಏನೋ.

ಹಾಗಾದರೆ ಅವರು ಮನಸ್ಸಿಟ್ಟದ್ದು ಎಕ್ಕದ ಗಿಡದ ಮೇಲೆಯೇ? ಅಲ್ಲ ಸ್ವಾಮಿ. ಜಯಮ್ಮನ ಮೇಲೆ.

ಜಯಮ್ಮ ನಮ್ಮ ಹಿತ್ತಲ ಮನೆಯ ಬಾಡಿಗೆಯವಳು. ನಗರ್ತಪೇಟೆಯ ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ಟೀಚರ್. ಎಂಟು ವರ್ಷಕ್ಕೆ ಮದುವೆಯಾಯಿತು, ದೊಡ್ಡವಳಾಗುವ ಮೊದಲೇ ಗಂಡ ತೀರಿಕೊಂಡ. ಆ ಹುಡುಗನ ಮುಖ ಕೂಡ ಅವಳಿಗೆ ನೆನಪಿಲ್ಲ. ಅಪ್ಪ ಅಮ್ಮ ಈಗ ಇಲ್ಲ. ಹಣೆಯಲ್ಲಿ ಕುಂಕುಮವಿಲ್ಲ, ಬಾಯಲ್ಲಿ ಮಾತ್ರ ಖಾರಕ್ಕೆ ಕೊರತೆಯಿಲ್ಲ. ನನ್ನನ್ನು ‘ಅಕ್ಕ’ ಎನ್ನುತ್ತಾಳೆ. ನನ್ನ ಅಂಕಣ ಓದಿ ‘ಹೋದ ವಾರದ್ದು ಪರವಾಗಿಲ್ಲ’ ಎನ್ನುವ ಧೈರ್ಯ ನಮ್ಮ ಕಾಂಪೌಂಡಿನಲ್ಲಿ ಅವಳೊಬ್ಬಳಿಗೇ ಇರುವುದು.

ಕೃಷ್ಣಪ್ಪ ಸೈಕಲ್ ಮೇಲೆ ನನ್ನ ಅಂಕಣದ ಪ್ರೂಫ್ ತರುತ್ತಿದ್ದರು. ಒಂದು ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಜಯಮ್ಮನೇ ಅದನ್ನು ತೆಗೆದುಕೊಂಡು, ನಿಂತ ನಿಲುವಿನಲ್ಲೇ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಳು. ಮುಂದಿನ ವಾರ ಎರಡು ಸಲ ಪ್ರೂಫ್ ಬಂತು. ಅದರ ಮುಂದಿನ ವಾರ ಮೂರು ಸಲ. ತಪ್ಪುಗಳೂ ಜಾಸ್ತಿಯಾದವು. ನಮ್ಮ ಪ್ರೆಸ್ಸಿನ ದೆಸೆ ಕೆಟ್ಟಿತು ಎಂದು ನಾನು ಸಂಪಾದಕರ ಹತ್ತಿರ ಗೊಣಗಿದ್ದೂ ಉಂಟು. ಬೇಕೆಂದೇ ತಪ್ಪು ಮಾಡಿ ತರುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ. ಜಯಮ್ಮನಿಗೆ ಮೊದಲ ವಾರವೇ ಹೊಳೆದಿತ್ತು.

ಕೊನೆಗೆ ಇಬ್ಬರೂ ನನ್ನ ಮುಂದೆ ಬಂದು ನಿಂತರು. ಜಾತಿ ಒಂದೇ, ಊರು ಒಂದೇ, ಒಪ್ಪಿಗೆಯೂ ಇಬ್ಬರದೂ ಒಂದೇ. ಇನ್ನೇನು ಅಡ್ಡಿ?

ಯಾವ ಥರದ ಮದುವೆ ಎನ್ನುವುದೇ ಅಡ್ಡಿ.

ನಾನು ಮಾಡರ್ನ್ ಹೆಂಗಸು. (ಹಾಗೆಂದು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಯಾರೂ ಹೇಳುವುದಿಲ್ಲ.) “ರಿಜಿಸ್ಟರ್ ಮದುವೆ ಮಾಡ್ಕೊಳ್ಳಿ” ಎಂದೆ. ಹೋಗುವುದು, ಸೈನ್ ಹಾಕುವುದು, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಮನೆಗೆ ಬರುವುದು. ಬೀಗರ ಮುನಿಸಿಲ್ಲ, ಹೊಗೆಯಿಲ್ಲ, ‘ಸಾರಿಗೆ ಉಪ್ಪು ಕಡಿಮೆ’ ಎನ್ನುವವರಿಲ್ಲ. ಕೃಷ್ಣಪ್ಪ ತಲೆಯಾಡಿಸಿದರು. ಅವರು ಯಾವುದಕ್ಕಾದರೂ ತಲೆಯಾಡಿಸುತ್ತಾರೆ.

ಜಯಮ್ಮ ಆಡಿಸಲಿಲ್ಲ.

“ಅಕ್ಕ, ನನಗೆ ಓಲಗ ಬೇಕು” ಎಂದಳು.

“ಓಲಗಾನಾ? ಓದಿದೋಳು ನೀನು, ಓಲಗ ಯಾಕೇ?”

“ಮೊದಲನೇ ಮದುವೇಲಿ ಊದಿದ್ರಂತೆ. ನಾನು ಅಜ್ಜಿ ತೊಡೆ ಮೇಲೆ ನಿದ್ದೆ ಹೋಗ್ಬಿಟ್ಟಿದ್ದೆ. ಎಚ್ಚರ ಆದಾಗ ಕೊರಳಲ್ಲಿ ತಾಳಿ ಇತ್ತು. ಅದು ಹೋದ್ಮೇಲೆ, ಬೀದೀಲಿ ಓಲಗ ಕೇಳಿಸ್ತು ಅಂದ್ರೆ ಸಾಕು, ಒಳಗ್ ಹೋಗು, ಬಾಗಿಲು ಹಾಕ್ಕೋ ಅಂತಿದ್ರು. ಮದುವಣಗಿತ್ತಿಗೆ ನಾನು ಎದುರಾಗ್ಬಾರ್ದಲ್ಲ. ಇಷ್ಟು ವರ್ಷ ಬಾಗಿಲ ಹಿಂದೆ ನಿಂತ್ಕೊಂಡೇ ಕೇಳಿದೀನಿ. ಒಂದ್ಸಲ ಬಾಗಿಲಿಂದ ಈಚೆ ಕೇಳ್ಬೇಕು ಅಕ್ಕ. ನನಗೋಸ್ಕರ ಊದೋದನ್ನ, ಹಗಲಲ್ಲಿ.”

ನನ್ನ ರಿಜಿಸ್ಟರ್ ಭಾಷಣವನ್ನು ಅಲ್ಲಿಗೇ ಮಡಿಸಿಟ್ಟೆ. ಸುಧಾರಣೆ ಎಂದರೆ ಇದ್ದ ಸಡಗರವನ್ನು ಬಿಡುವುದು ಎಂದು ನಾನು ತಿಳಿದಿದ್ದೆ. ಆದರೆ ಸಡಗರವನ್ನು ಬಿಡಬೇಕಾದರೆ ಮೊದಲು ಅದು ಕೈಯಲ್ಲಿ ಇರಬೇಕಲ್ಲ. ನನಗೆ ಇತ್ತು, ನಾನು ಬಿಟ್ಟೆ. ಇವಳಿಗೆ ಕೊಟ್ಟವರು ಯಾರು?

ಆಗಲಿ ಎಂದು ಜಯಮ್ಮನನ್ನು ಜಟಕಾ ಹತ್ತಿಸಿಕೊಂಡು ಚಾಮರಾಜಪೇಟೆಗೆ ಹೊರಟೆ, ಕೃಷ್ಣಪ್ಪನ ದೊಡ್ಡಪ್ಪ ಮುನಿವೆಂಕಟಪ್ಪನವರನ್ನು ನೋಡಲು. ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟವರು, ಅವರ ಜನಕ್ಕೆಲ್ಲ ಹಿರಿಯರು. ಗಿರಿಜಾ ಮೀಸೆ. ತಂದೆಯಿಲ್ಲದ ಕೃಷ್ಣಪ್ಪನನ್ನು ಸಾಕಿ ಬೆಳೆಸಿದವರು. ಅವರ ಮಾತು ಮೀರಿ ಕೃಷ್ಣಪ್ಪ ಮದುವೆಯಾಗುವವರಲ್ಲ, ಆಗಬೇಕೆಂದು ಜಯಮ್ಮನೂ ಹೇಳುವವಳಲ್ಲ.

ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೋಗಿದ್ದೆ. ಜಗಳವೇ ಆಗಲಿಲ್ಲ.

“ಗಂಡ ಸತ್ತೋಳಿಗೆ ಮತ್ತೆ ಮದುವೆ ಮಾಡಬಾರದು ಅನ್ನೋ ಜನ ನಾವಲ್ಲ ತಾಯಿ” ಎಂದರು ಮುನಿವೆಂಕಟಪ್ಪನವರು, ಬೆಲ್ಲದ ಕಾಫಿ ತರಿಸಿಕೊಟ್ಟು. “ಅದೆಲ್ಲ ನಿಮ್ಮಂಥ ಓದಿದೋರ ಮನೇಲಿ. ನಮ್ಮಲ್ಲಿ ಮುತ್ತಜ್ಜನ ಕಾಲದಿಂದ್ಲೂ ಕೂಡಿಕೆ ಐತೆ.”

(ಪೆಟ್ಟು ಬಿತ್ತು. ನ್ಯಾಯವಾದ ಪೆಟ್ಟೇ, ತಿಂದೆ.)

ಕೂಡಿಕೆ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಡ ಸತ್ತ ಹೆಣ್ಣು ಇನ್ನೊಬ್ಬನ ಮನೆ ಸೇರುವ ಪದ್ಧತಿ ಅದು. ಕತ್ತಲಾದ ಮೇಲೆ ಗಂಡು ಒಂದು ಸೀರೆ ತಂದು ಕೊಡುತ್ತಾನೆ, ಅವಳು ಉಟ್ಟುಕೊಳ್ಳುತ್ತಾಳೆ. ನಾಲ್ಕು ಜನ ಗಂಡಸರು ಎಲೆ ಅಡಿಕೆ ಹಾಕಿಕೊಂಡು ‘ಆಯ್ತು’ ಎನ್ನುತ್ತಾರೆ. ಚಪ್ಪರವಿಲ್ಲ, ಧಾರೆಯಿಲ್ಲ, ಓಲಗವಿಲ್ಲ. ಮುತ್ತೈದೆಯರು ಆ ಕಡೆ ತಲೆ ಹಾಕುವಂತಿಲ್ಲ. ಒಟ್ಟಿನಲ್ಲಿ ಮದುವೆ ಆಗಬೇಕು, ಆದದ್ದು ಯಾರಿಗೂ ಕಾಣಬಾರದು.

“ಹಗಲಲ್ಲಿ ಮಾಡಿದ್ರೆ ಏನಾಗತ್ತೆ?” ಎಂದೆ.

“ಒಂದ್ಸಲ ಧಾರೆ ಎರೆದ ಹೆಣ್ಣಿಗೆ ಎರಡನೇ ಧಾರೆ ಇಲ್ಲ ತಾಯಿ. ಅದು ಕಟ್ಟಳೆ. ಕೂಡಿಕೆ ಮಾತ್ರ. ಆದ್ರೆ ಕೂಡಿಕೆಗೆ ಮುಂಚೆ ಹುಡುಗಂದು ಒಂದು ಮದುವೆ ಆಗ್ಬೇಕು.”

“ಯಾವ ಹುಡುಗಂದು?”

“ನಮ್ಮ ಕೃಷ್ಣಂದು. ಅವನಿನ್ನೂ ಬ್ರಹ್ಮಚಾರಿ. ಮೊದಲನೇ ಮದುವೆ ಕೂಡಿಕೆ ಆಗೋ ಹಾಗಿಲ್ಲ. ಹಗಲಲ್ಲಿ, ಚಪ್ಪರದಡಿ, ಓಲಗದ ಸಮೇತ ಧಾರೆ ಎರೆಸ್ಕೊಂಡು ತಾಳಿ ಕಟ್ಬೇಕು. ಅದಾದ್ಮೇಲೆ ರಾತ್ರಿಗೆ ಕೂಡಿಕೆ ಇಟ್ಕೊಂಡ್ರಾಯ್ತು.”

“ತಾಳಿ ಯಾರಿಗೆ ಕಟ್ಟೋದು?”

“ಎಕ್ಕದ ಗಿಡಕ್ಕೆ” ಎಂದರು, ಬದನೆಕಾಯಿ ರೇಟು ಹೇಳುವಷ್ಟು ಸಲೀಸಾಗಿ.

ನಾನು ಜಯಮ್ಮನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಮುನಿವೆಂಕಟಪ್ಪನವರು ಮಾತ್ರ ತುಂಬು ಉತ್ಸಾಹದಲ್ಲಿದ್ದರು. ಗಿಡಕ್ಕೂ ಹೆಣ್ಣಿನ ಕಡೆಯವರು ಅಂತ ಯಾರಾದರೂ ಬೇಕಂತೆ, ಧಾರೆ ಎರೆದುಕೊಡಲು ತಂದೆ ತಾಯಿ ಬೇಕಂತೆ. “ನೀವು, ನಿಮ್ಮ ಯಜಮಾನರು, ಇಬ್ರೂ ಆಗ್ಬಿಡಿ ತಾಯಿ. ದೊಡ್ಡ ಮನಸ್ಸು ಮಾಡಿ” ಎಂದು ಕೈ ಮುಗಿದರು. ಅಷ್ಟು ದೊಡ್ಡ ಮೀಸೆಯವರು ಕೈ ಮುಗಿದರೆ ಇಲ್ಲ ಎನ್ನುವುದು ಹೇಗೆ?

ಜಟಕಾದಲ್ಲಿ ವಾಪಸು ಬರುವಾಗ, ಕಾಟನ್‌ಪೇಟೆ ದಾಟಿದ ಮೇಲೆ ಜಯಮ್ಮ ಕೇಳಿದಳು:

“ಅಕ್ಕ, ಗಿಡಕ್ಕೆ ಕಿವಿ ಇರತ್ತಾ?”

“ಇಲ್ವಲ್ಲೇ.”

“ಓಲಗ ಅದಕ್ಕೆ ಊದ್ತಾರಂತೆ” ಎಂದು ಹೊರಗೆ ನೋಡಿದಳು.

ಓದುಗರೇ, ನನ್ನ ಸಿಟ್ಟು ನಿಮಗೆ ಗೊತ್ತಿರುವುದೇ. ನಲ್ಲಿ ನೀರು ಬಾರದ ದಿನ ಬರುವ ಸಿಟ್ಟು ಬೇರೆ, ಇದು ಬೇರೆ. ಮುನಿವೆಂಕಟಪ್ಪನವರ ಮೇಲೆ ಸಿಟ್ಟು ಮಾಡೋಣವೆಂದರೆ ಅವರು ಒಳ್ಳೆಯವರು. ಮದುವೆ ಬೇಡ ಅಂದವರೂ ಅಲ್ಲ. ಒಳ್ಳೆಯವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸುವುದು? ಕೊನೆಗೆ ಒಂದು ದಾರಿ ಹೊಳೆಯಿತು. ನಾನು ಹೆಣ್ಣಿನ ತಾಯಿ ತಾನೇ? ಹೆಣ್ಣಿನ ತಾಯಿಯಾದ ಮೇಲೆ ಕಾಟ ಕೊಡದೆ ಬಿಡುವುದುಂಟೇ? ನನ್ನ ಇಬ್ಬರು ಮಕ್ಕಳೂ ಗಂಡು, ಆ ಭಾಗ್ಯ ನನಗೆ ಇನ್ನೆಲ್ಲಿ ಸಿಗಬೇಕು!

ಹೇಳಿ ಕಳಿಸಿದೆ: ನಮ್ಮ ಹುಡುಗಿ ಬಯಲಲ್ಲಿ ಕೂರುವವಳಲ್ಲ. (ಗಿಡ ಬೆಳೆದ ಜಾಗದಲ್ಲೇ ತಾಳಿ ಕಟ್ಟಿ ಮುಗಿಸುವುದು ವಾಡಿಕೆಯಂತೆ.) ನಿಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿಸಬೇಕು. ಓಲಗ ಒಳ್ಳೆಯದಿರಬೇಕು. ಮುಹೂರ್ತ ಭಾನುವಾರವೇ ಆಗಬೇಕು, ನಮ್ಮವರೆಲ್ಲ ಬರುತ್ತಾರೆ. ಅದಕ್ಕೆ ಮುಂಚೆ ಗಂಡಿನ ಕಡೆಯವರು ಪದ್ಧತಿಯಂತೆ ನಮ್ಮ ಮನೆಗೆ ಬಂದು ಹೆಣ್ಣು ನೋಡಬೇಕು.

ನಗುತ್ತಾರೆ ಎಂದುಕೊಂಡಿದ್ದೆ. ಮುನಿವೆಂಕಟಪ್ಪನವರು ಬಾಳೆಹಣ್ಣು, ಹೂವು, ತಟ್ಟೆ ಸಮೇತ ಬಂದೇಬಿಟ್ಟರು! ಹಿತ್ತಲಲ್ಲಿ ಗಿಡದ ಮುಂದೆ ಚಾಪೆ ಹಾಕಿಸಿಕೊಂಡು ಕೂತು, ಗಂಭೀರವಾಗಿ ಉಪ್ಪಿಟ್ಟು ತಿಂದರು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದೊಂದು ಬಾಕಿ.

“ಇಷ್ಟೆಲ್ಲ ಮಾಡಿಸ್ತಿದೀನಿ, ಬೇಜಾರಿಲ್ವಾ?” ಎಂದು ನಾನೇ ಕೇಳಿದೆ.

“ಬೇಜಾರೇನು ತಾಯಿ? ಶಾಸ್ತ್ರ ಅಂದ್ಮೇಲೆ ಪೂರ್ತಿ ಮಾಡ್ಬೇಕು. ಹೆಣ್ಣು ಅಂತ ಕೂರ್ಸಿದ್ಮೇಲೆ ಅವಳು ಹೆಣ್ಣೇ” ಎಂದರು.

ಹತ್ತು ಮಾರು ದೂರದಲ್ಲಿ ಜಯಮ್ಮನ ಬಾಗಿಲು ಮುಚ್ಚಿತ್ತು. ಗಂಡಿನ ಕಡೆಯವರು ಶುಭಕಾರ್ಯಕ್ಕೆ ಬಂದಾಗ ಅವಳು ಎದುರಾಗಬಾರದಲ್ಲ.

ನಮ್ಮ ಯಜಮಾನರ ವಿಷಯ ಹೇಳಲು ಮರೆತೆ. ಪೆನ್ಷನ್ ಬಂದ ಮೇಲೆ ಪೇಪರು, ಕಾಫಿ, ಮತ್ತೆ ಅದೇ ಪೇಪರು, ಇಷ್ಟೇ ಅವರ ದಿನಚರಿ. ಗಿಡದ ತಂದೆಯಾಗಬೇಕು ಎಂದಾಗ ‘ಹೂಂ’ ಎಂದು ಪುಟ ತಿರುಗಿಸಿದ್ದರು. ಆದರೆ ಮಾರನೆಯ ದಿನವೇ ಸೈಕಲ್ ತೆಗೆದುಕೊಂಡು ಬಸವನಗುಡಿಯಿಂದ ಆಚೆಯ ಬಯಲೆಲ್ಲ ಸುತ್ತಿ, ಬಿಳಿ ಹೂವಿನ ಎಕ್ಕವನ್ನೇ ಹುಡುಕಿ, ಬೇರಿಗೆ ಪೆಟ್ಟಾಗದ ಹಾಗೆ ಅಗೆದು ತಂದರು.

“ಯಾವುದಾದ್ರೂ ಒಂದು ಆಗಿತ್ತಲ್ರೀ, ನಮ್ಮ ಬೇಲಿ ಹತ್ರಾನೇ ಇರ್ತಿತ್ತು” ಎಂದೆ.

“ಕೊಡೋದು ಕೊಡ್ತೀವಿ. ಲಕ್ಷಣವಾಗಿರೋ ಹುಡುಗೀನ ಕೊಡೋಣ” ಎಂದರು.

ಹೆಸರೂ ಇಟ್ಟರು, ಅರ್ಕಾವತಿ ಅಂತ, ಎಕ್ಕಕ್ಕೆ ಸಂಸ್ಕೃತದಲ್ಲಿ ಅರ್ಕ ಅಲ್ಲವೇ. ಬೆಳಗ್ಗೆ ಸಂಜೆ ನೀರು. ಹುಳ ಬಿತ್ತೆಂದು ಎಲೆಯೆಲ್ಲ ಒರೆಸಿದರು. ಒಂದು ಸಂಜೆ ಹಿತ್ತಲಿನಿಂದ ಅವರ ದನಿ ಕೇಳಿಸಿತು: “ಹುಡುಗ ಒಳ್ಳೆಯವನು. ಮಾತು ಕಡಿಮೆ, ಅಷ್ಟೇ.” ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಆಮೇಲೆ ಯಾಕೋ ನಗು ನಿಂತಿತು. ಹೆಣ್ಣು ಮಗು ಬೇಕೆಂಬ ಆಸೆ ಈ ಮನುಷ್ಯನಿಗಿತ್ತು ಅಂತ ಇಷ್ಟು ವರ್ಷವಾದರೂ ನನಗೆ ಒಂದು ಮಾತು ಹೇಳಿರಲಿಲ್ಲ.

ಭಾನುವಾರ ಬಂತು. ಚಪ್ಪರ ಎಂದರೆ ಚಪ್ಪರ! ತೆಂಗಿನ ಗರಿ, ಮಾವಿನ ತೋರಣ, ಕಂಬ ಕಂಬಕ್ಕೂ ಬಾಳೆ. ಮಂಡಿಯ ಜನ, ಪ್ರೆಸ್ಸಿನ ಜನ, ನಮ್ಮ ಮಲ್ಲೇಶ್ವರದ ಅಕ್ಕಪಕ್ಕದವರು. (ತಮಾಷೆ ನೋಡಲು ಬಂದವರು, ಊಟದ ವಾಸನೆಗೆ ನಿಂತರು.) ಓಲಗದವರು ಶುರು ಮಾಡಿದರೆ ಎದೆಯೊಳಗೆ ನಡುಗಬೇಕು, ಅಂಥ ಡೋಲು.

ಜಯಮ್ಮ? ಬೆಳಗ್ಗೆಯೇ ಅವಳನ್ನು ಹಿಂದಿನ ಉಗ್ರಾಣದ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದ್ದರು. ಕತ್ತಲಾಗುವವರೆಗೆ ಅಲ್ಲೇ ಇರಬೇಕು. ಜೊತೆಗೆ ಬಾಳೆಗೊನೆ, ಕುಂಬಳಕಾಯಿ. ನಾನು ಹೋಗಿ ಏನಾದರೂ ಹೇಳೋಣವೆಂದುಕೊಂಡೆ. ಏನು ಹೇಳುವುದು? ಇನ್ನೊಂದು ಬಾಗಿಲು, ಇನ್ನೊಂದು ಓಲಗ. ಇದೊಂದು ಸಲ ಒಳಗೆ ಕೂತವಳ ಗಂಡನಾಗುವವನಿಗೇ ಹೊರಗೆ ಮದುವೆ. ನನ್ನ ಸೇಡಿನ ಆಟದಿಂದ ಓಲಗದ ಸದ್ದು ದೊಡ್ಡದಾಯಿತೇ ಹೊರತು ಅವಳಿಗೆ ಬಂದ ಭಾಗ್ಯವೇನು? ನಾಚಿಕೆಯಾಯಿತು. ಸುಮ್ಮನೆ ಬಂದು ಮಗಳ ಪಕ್ಕ ಕೂತೆ.

ಪುರೋಹಿತರಿಗೆ ಆತುರ. ಅವರಿಗೆ ಬಸವನಗುಡಿಯಲ್ಲಿ ಇನ್ನೊಂದು ಮುಹೂರ್ತ ಕಾದಿತ್ತು. ಮಂತ್ರ ಓಡುತ್ತಿತ್ತು. ಧಾರೆಯ ಗಿಂಡಿ ನಮ್ಮ ಯಜಮಾನರ ಕೈಗೆ ಬಂತು. ಆಗ ಯಾರೋ ಒಂದು ಮಚ್ಚು ತಂದು, ಅರಿಸಿನ ಕುಂಕುಮ ಹಚ್ಚಿ, ಗಿಡದ ಹತ್ತಿರ ಇಟ್ಟರು.

“ಇದು ಯಾಕೆ?” ಎಂದರು ನಮ್ಮ ಯಜಮಾನರು.

“ಆಮೇಲಿಂದು ಸ್ವಾಮಿ” ಎಂದರು ಮುನಿವೆಂಕಟಪ್ಪನವರು. “ತಾಳಿ ಕಟ್ಟಿ ಆದ್ಮೇಲೆ ಗಿಡ ಕಡಿದುಬಿಡ್ತೀವಿ. ಹೆಂಡತಿ ಹೋದಳು ಅಂತ ಆಗ್ಬೇಕಲ್ಲ? ಆಗಲೇ ಅವನಿಗೆ ಕೂಡಿಕೆ ಒಪ್ಪೋದು.”

ನನ್ನಾಣೆ, ಮುಂದೆ ಆದದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ತುಟಿ ಬಿಚ್ಚದ ಮನುಷ್ಯ, ಗಿಂಡಿಯನ್ನು ಟಣ್ ಎಂದು ಕೆಳಗಿಟ್ಟರು.

“ನಾನು ಕೊಡಲ್ಲ.”

ಡೋಲು ನಿಂತಿತು.

“ಏನು ಸ್ವಾಮಿ?”

“ನನ್ನ ಮಗಳನ್ನ ಈ ಮನೆಗೆ ಕೊಡಲ್ಲ. ಬಾಳಿಸ್ತೀರಿ ಅಂತ ಕರ್ಕೊಂಡ್ ಬಂದೆ. ಹಸೆಮಣೆ ಪಕ್ಕಾನೇ ಮಚ್ಚು ಇಟ್ಕೊಂಡಿದೀರಲ್ರೀ!” ಎಂದವರೇ ಡಬ್ಬವನ್ನು ತೊಡೆಯ ಮೇಲೆತ್ತಿಕೊಂಡರು. ಕಣ್ಣು ಕೆಂಪಗಾಗಿತ್ತು. ಪಂಚೆಯೆಲ್ಲ ಮಣ್ಣು.

ಚಪ್ಪರದಲ್ಲಿ ಅರ್ಧ ಜನ ನಕ್ಕರು. ಮುನಿವೆಂಕಟಪ್ಪನವರೂ ನಕ್ಕರು. “ಸ್ವಾಮಿ, ಅದು ಗಿಡ ಅಲ್ವಾ?”

ನಾನು ಕಾಯುತ್ತಿದ್ದದ್ದು ಈ ಮಾತಿಗೇ ಎಂದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು.

“ಗಿಡಾನಾ?” ಎಂದು ಎದ್ದು ನಿಂತೆ. “ಗಿಡ ಅಂದ್ರೆ, ಇದು ಮದುವೆ ಅಲ್ಲ. ನಿಮ್ಮ ಹುಡುಗಂಗೆ ಮೊದಲನೇ ಮದುವೆ ಆಗೇ ಇಲ್ಲ ಅಂತ ಆಯ್ತು. ಹೆಣ್ಣು ಅಂದ್ರೆ, ಅವಳ ಅಪ್ಪ ಕೊಡಲ್ಲ ಅಂತಿದಾರೆ. ಹೆಣ್ಣು ಹೆತ್ತೋರು ಒಪ್ಪದೆ ಧಾರೆ ಆಗತ್ತಾ ಪುರೋಹಿತರೇ?”

“ಅದು ಹೇಗಾಗತ್ತೆ?” ಎಂದರು ಪುರೋಹಿತರು. ಅವರ ಕಣ್ಣು ಗಡಿಯಾರದ ಮೇಲಿತ್ತು.

ಈಗ ಚಪ್ಪರದಲ್ಲಿ ನಗುವವರು ಕಡಿಮೆಯಾದರು. ಯಾಕೆ ಅಂತ ನಿಮಗೂ ಗೊತ್ತು. ಬಾಸಿಂಗ ಕಟ್ಟಿ ಹಸೆಮಣೆ ಏರಿದ ಗಂಡು ತಾಳಿ ಕಟ್ಟದೆ ಎದ್ದರೆ ಆ ಮನೆತನಕ್ಕೆ ಮಾತು ಅಂಟಿತು ಎಂದೇ ಲೆಕ್ಕ. ಹೆಣ್ಣಿನ ಕಡೆಯವರು ಮುರಿದುಕೊಂಡು ಹೋದರೆ ಹಿರಿಯರು ಏನು ಮಾಡುತ್ತಾರೆ? ಚಪ್ಪರದಲ್ಲೇ ಇನ್ನೊಂದು ಹೆಣ್ಣು ಹುಡುಕಿ, ಅದೇ ಮುಹೂರ್ತಕ್ಕೆ ತಂದು ಕೂರಿಸುತ್ತಾರೆ. ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಮುನಿವೆಂಕಟಪ್ಪನವರಂತೂ ಎಷ್ಟೋ ಕಡೆ ಮುಂದೆ ನಿಂತು ಅದನ್ನೇ ಮಾಡಿಸಿದವರು. ಅವರ ಮೀಸೆ ಸ್ವಲ್ಪ ಅಲುಗಿತು.

“ಕೃಷ್ಣ, ಸದ್ಯಕ್ಕೆ ಎದ್ದೇಳಪ್ಪ. ಇನ್ನೊಂದು ಗಿಡ ತರಿಸ್ತೀನಿ” ಎಂದರು.

ಓದುಗರೇ, ಈ ಕೃಷ್ಣಪ್ಪ ದೊಡ್ಡಪ್ಪನಿಗೆ ಎದ್ದುನಿಂತು ಉತ್ತರ ಕೊಟ್ಟವರಲ್ಲ. ಅವತ್ತೂ ಎದ್ದು ನಿಲ್ಲಲಿಲ್ಲ. ಕೂತೇ ಹೇಳಿದರು:

“ನಾನು ಏಳಲ್ಲ ದೊಡ್ಡಪ್ಪ. ಅವಳನ್ನ ಕರೆಸಿ.”

ಇಡೀ ಬದುಕಿನಲ್ಲಿ ಕೂಡಿಟ್ಟ ಅಕ್ಷರವನ್ನೆಲ್ಲ ಅಲ್ಲಿ ಜೋಡಿಸಿಬಿಟ್ಟರು. (ಇದನ್ನೂ ಹಾರಿಸಬೇಡಿ ಕೃಷ್ಣಪ್ಪ.)

ನಾನು ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಉಗ್ರಾಣದ ಬಾಗಿಲು ತಳ್ಳಿದೆ. ಜಯಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಉಗುರಿನಿಂದ ಬಾಗಿಲ ಮರ ಕೆರೆಯುತ್ತಿದ್ದಳು.

“ಬಾರೇ” ಎಂದೆ.

ಅವಳು ಹೊಸಿಲು ದಾಟಲಿಲ್ಲ. ನನ್ನ ಮುಖ ನೋಡಿ ಕೇಳಿದಳು: “ಅಕ್ಕ, ಇದು ನಿಜವಾಗ್ಲೂನಾ? ಇಲ್ಲಾ ನಿಮ್ಮ ಅಂಕಣಕ್ಕೆ ಬೇಕು ಅಂತಾನಾ?”

ಎಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ! ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಎರಡಕ್ಕೂ ಕಣೇ” ಎಂದೆ. ಅಳುತ್ತಿದ್ದವಳು ನಕ್ಕಳು. ನಕ್ಕು, ಹೊಸಿಲು ದಾಟಿದಳು.

ಚಪ್ಪರಕ್ಕೆ ಬಂದಾಗ ಕೆಲವು ಮುತ್ತೈದೆಯರು ಹಿಂದೆ ಸರಿದರು. ಯಾರೋ ‘ಶಿವ ಶಿವ’ ಎಂದರು. ಜಯಮ್ಮ ನಡುವೆ ನಿಂತಳು, ಹಳೆಯ ನೀಲಿ ಸೀರೆಯಲ್ಲಿ, ಬೋಳು ಹಣೆಯಲ್ಲಿ, ಹಗಲ ಬೆಳಕಿನಲ್ಲಿ. ಮುನಿವೆಂಕಟಪ್ಪನವರು ಅವಳನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: “ನೀವೇ ಹೇಳಿದ್ರಿ. ಹುಡುಗಂದು ಮೊದಲನೇ ಮದುವೆ, ಹಗಲಲ್ಲಿ, ಓಲಗದ ಸಮೇತ ಆಗ್ಬೇಕು ಅಂತ. ಅದು ಕಟ್ಟಳೆ ತಾನೇ?”

“ಎರಡನೇ ಧಾರೆ ಇಲ್ಲ ಅನ್ನೋದೂ ಕಟ್ಟಳೇನೇ ತಾಯಿ” ಎಂದರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

“ಒಂದೇ ಚಪ್ಪರ, ಎರಡು ಕಟ್ಟಳೆ. ಯಾವುದು ಮುರೀತೀರೋ ನೀವೇ ಹೇಳಿ. ಹಿರಿಯರು ನೀವು.”

“ಆಪತ್ಕಾಲೇ ಮರ್ಯಾದಾ ನಾಸ್ತಿ” ಎಂದು ಪುರೋಹಿತರು ನಡುವೆ ಬಾಯಿ ಹಾಕಿದರು. “ಆಪತ್ತಲ್ಲಿ ಕಟ್ಟಳೆ ನೋಡೋ ಹಾಗಿಲ್ಲ. ಮುಹೂರ್ತ ಮೀರ್ತಾ ಇದೆ.” (ಬಸವನಗುಡಿಯ ದೇವರೇ ಅವರ ಬಾಯಲ್ಲಿ ಆ ಶ್ಲೋಕ ನುಡಿಸಿರಬೇಕು.)

ಮುನಿವೆಂಕಟಪ್ಪನವರು ಒಂದು ಸಲ ಮಚ್ಚಿನ ಕಡೆ ನೋಡಿದರು. ಗಿಡ ತಬ್ಬಿಕೊಂಡು ಕೂತಿದ್ದ ನಮ್ಮ ಯಜಮಾನರ ಕಡೆ ನೋಡಿದರು. ಆಮೇಲೆ ಜಯಮ್ಮನಿಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಯಾಕಮ್ಮ ನಿಂತಿದೀಯ? ಬಾ. ಬಂದು ಕೂತ್ಕೋ.”

ಓಲಗದವರ ಕಡೆ ತಿರುಗಿ ಗದರಿದರು: “ನೀವೇನ್ರಯ್ಯ ಬಾಯಿ ಬಿಟ್ಕೊಂಡು ನೋಡ್ತಿದೀರಿ? ಊದ್ರಯ್ಯ!”

ಮುನಿವೆಂಕಟಪ್ಪನವರ ಹೆಂಡತಿಯೇ ಮುಂದೆ ಬಂದು ಜಯಮ್ಮನ ಹಣೆಗೆ ಕುಂಕುಮ ಇಟ್ಟರು. ರಾತ್ರಿಗೆಂದು ತಂದಿದ್ದ ಸೀರೆಯನ್ನು ಆಗಲೇ ಹೆಗಲಿಗೆ ಹೊದಿಸಿದರು. ಧಾರೆ ಎರೆಯುವವರು ಯಾರು ಎಂದು ಪುರೋಹಿತರು ಕೇಳುವ ಮೊದಲೇ ನಮ್ಮ ಯಜಮಾನರು ಡಬ್ಬವನ್ನು ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು, ಗಿಂಡಿ ಎತ್ತಿಕೊಂಡಿದ್ದರು. ಗಿಂಡಿಯ ನೀರು ಅರ್ಧ ನನ್ನ ರೇಷ್ಮೆ ಸೀರೆಯ ಮೇಲೆ ಹೋಯಿತು. ಹೋಗಲಿ.

ಗಟ್ಟಿಮೇಳ ಆಯಿತು. “ತಲೆ ತಗ್ಗಿಸಮ್ಮ, ತಲೆ ತಗ್ಗಿಸು” ಎಂದು ಪುರೋಹಿತರು ಎರಡು ಮೂರು ಸಲ ಹೇಳಿದರು. ಜಯಮ್ಮ ತಗ್ಗಿಸಲಿಲ್ಲ. ಕೃಷ್ಣಪ್ಪ ತಾಳಿ ಕಟ್ಟುವಷ್ಟು ಹೊತ್ತೂ ಕಣ್ಣು ಬಿಟ್ಟುಕೊಂಡು ಓಲಗದವರನ್ನೇ ನೋಡುತ್ತಿದ್ದಳು, ಅವರ ಉಬ್ಬಿದ ಕೆನ್ನೆ, ಡೋಲಿನ ಮೇಲೆ ಓಡುವ ಬೆರಳು, ಎಲ್ಲ. ಪಾಪ, ಆ ಓಲಗದವನಿಗೂ ಏನೋ ತೋಚಿರಬೇಕು, ತಾಳಿ ಕಟ್ಟಿ ಮುಗಿದ ಮೇಲೂ ಅವನು ನಿಲ್ಲಿಸಲಿಲ್ಲ. ನನಗೆ ಅಳು ಬಂತು. ಅತ್ತೇಬಿಟ್ಟೆ. ಹೆಣ್ಣಿನ ತಾಯಿ ಅಳಬೇಕಾದದ್ದು ಪದ್ಧತಿ, ಯಾರೂ ಏನೂ ಅನ್ನಲಿಲ್ಲ.

ಇನ್ನು ಊಟ. ಹೆಣ್ಣಿನ ಕಡೆಯವಳಾದ್ದರಿಂದ ನಾನೂ ಪಾಯಸದ ಬಕೆಟ್ ಹಿಡಿದು ಪಂಕ್ತಿಯಲ್ಲಿ ಓಡಾಡಿದೆ. ಮುನಿವೆಂಕಟಪ್ಪನವರ ಷಡ್ಡಕರೊಬ್ಬರು ಮೂಲೆಯ ಎಲೆಯ ಮುಂದೆ ಕೂತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಹೋದ ವರ್ಷ ತಾನೇ ಎರಡು ಸೆಟ್ ಓಲಗದಲ್ಲಿ ಮತ್ತೆ ಮದುವೆಯಾದವರು. ಹೊಸ ಹೆಂಡತಿ ಎದುರು ಸಾಲಿನಲ್ಲಿದ್ದಳು.

“ಮದುವೆ ಏನೋ ಆಯ್ತು ಬಿಡಿ ತಾಯಿ” ಎಂದರು ಅವರು, ಬೆರಳು ನೆಕ್ಕುತ್ತಾ. “ಆದ್ರೂ ಎರಡನೇ ಸಲದ ಹೆಣ್ಣು, ಕತ್ತಲಾಗೋವರೆಗೆ ಕಾಯಬೋದಿತ್ತು.”

ನಾನು ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿ, ಎದುರು ಸಾಲಿಗೂ ಕೇಳುವ ಹಾಗೆ ವಿಚಾರಿಸಿದೆ:

“ನೀವು ನಿಮ್ಮ ಎರಡನೇ ಮದುವೆಗೆ ಎಷ್ಟು ಹೊತ್ತಿನವರೆಗೆ ಕಾದಿದ್ರಿ ಸ್ವಾಮಿ?”